ಟ್ರಿಪ್ಪಿಗೆ ಹೊರಟ ಕುಕ್ಕರು

ಕಳೆದ ಡಿಸೆಂಬರಿನಲ್ಲಿ ನಾವೆಲ್ಲ ಮಡಿಕೇರಿ ಹತ್ತಿರದ ಒಂದು ಹೋಮ್‌ಸ್ಟೇಗೆ ಹೋಗಿದ್ವಿ. ನಾನು, ನನ್ನ ಗಂಡ, ಅಪ್ಪ, ಅಮ್ಮ, ತಮ್ಮ, ಅವನ ಹೆಂಡತಿ, ಇಬ್ಬರು ಮಕ್ಕಳು. ‘ಪೂರ್ತಿ ಮನೆ ನಿಮ್ಮದೇ, ಅಡುಗೆಮನೆಯೂ ಇದೆ’ ಅಂತ ಬರೆದಿದ್ದನ್ನು ನೋಡಿಯೇ ಬುಕ್ ಮಾಡಿದ್ದು. ಹೊರಡುವ ದಿನ ಕಾರಿನ ಡಿಕ್ಕಿ ತುಂಬುವಾಗ ಅಮ್ಮನ ಚೀಲ ಯಾಕೋ ಭಾರ ಅನ್ನಿಸಿತು. ತೆಗೆದು ನೋಡಿದರೆ ಮೂರು ಲೀಟರಿನ ಕುಕ್ಕರು. ಅದರ ಹೊಟ್ಟೆಯೊಳಗೆ ಒಂದು ಬಾಟಲಿ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಪೇಪರಿನಲ್ಲಿ ಸುತ್ತಿದ ಒಗ್ಗರಣೆ ಸೌಟು. ಒಂದಿಂಚು ಜಾಗ ಖಾಲಿ ಬಿಟ್ಟಿರಲಿಲ್ಲ.

ತಮ್ಮ ನಕ್ಕ. “ಅಮ್ಮಾ, ನಾವು ಹೋಗ್ತಿರೋದು ಟ್ರಿಪ್ಪಿಗೆ, ವನವಾಸಕ್ಕಲ್ಲ. ಏನು ಬೇಕಾದ್ರೂ ಆರ್ಡರ್ ಮಾಡಬಹುದು.”

ರಾತ್ರಿ ಎಂಟು ಗಂಟೆಗೆ ಫೋನು ತೆಗೆದು ನೋಡಿದರೆ ಆ ಕಾಫಿತೋಟದೊಳಕ್ಕೆ ಊಟ ತಂದುಕೊಡೋರು ಯಾರೂ ಇಲ್ಲ. ಹೊರಗೆ ಮಂಜು. ಅಡುಗೆಮನೆಯಲ್ಲಿ ಒಂದು ಗ್ಯಾಸ್ ಸ್ಟೌ, ಎರಡು ಬಾಣಲೆ, ಹನ್ನೆರಡು ವೈನ್ ಗ್ಲಾಸು ಇದ್ವು. ಅನ್ನ ಮಾಡೋಕೆ ಒಂದು ಪಾತ್ರೆ ಇರಲಿಲ್ಲ. ಅವತ್ತು ಎಂಟು ಜನರ ಹೊಟ್ಟೆ ತುಂಬಿಸಿದ್ದು ಆ ಕುಕ್ಕರೇ. ಎರಡು ಸಲ ಅನ್ನ ಇಟ್ಟು, ಗೊಜ್ಜು ಕಲಸಿ, ಮೇಲೊಂದಿಷ್ಟು ಕಡಲೆಬೀಜ ಹಾಕಿ ಅಮ್ಮ ಬಡಿಸಿದಳು. “ಇದನ್ನೆಲ್ಲ ನಿಂಗ್ಯಾರು ಕಲಿಸಿದ್ದು?” ಅಂತ ಕೇಳಿದೆ. “ಕಲಿಸೋದೇನು? ನಮ್ಮಮ್ಮ ಛತ್ರಕ್ಕೆ ಹೋಗುವಾಗ ಹೀಗೇ ಕಟ್ಕೊಂಡು ಹೋಗ್ತಿದ್ದಳು” ಅಂದಳು.

ಛತ್ರ ಅಂದರೆ ನಮ್ಮ ತಲೆಮಾರಿಗೆ ಮದುವೆ ನಡೆಯೋ ಜಾಗ. ಆದರೆ ಛತ್ರ ಇದ್ದದ್ದು ದಾರಿಹೋಕರಿಗಾಗಿ. ರಾಜರು, ವ್ಯಾಪಾರಿಗಳು, ಊರಿನ ದೊಡ್ಡವರು ಪುಣ್ಯಕ್ಕೆ ಅಂತ ಕಟ್ಟಿಸುತ್ತಿದ್ದರು. 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸಕಥನದಲ್ಲಿ ಇಂಥ ಛತ್ರಗಳ ಬಗ್ಗೆ ಬರೆದಿದ್ದಾನೆ. ಬೆಂಗಳೂರಿನ ರೈಲ್ವೆ ಸ್ಟೇಷನ್ನಿನ ಎದುರು ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಛತ್ರ 1903ರಲ್ಲಿ ಶುರುವಾಯಿತು. ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹಿಡಿಯೋ ನಾವು ಆ ಹೆಸರಿನ ರಸ್ತೆಯಲ್ಲಿ ದಿನಾ ಓಡಾಡುತ್ತೇವೆ.

ಕೆಲವು ಛತ್ರಗಳಲ್ಲಿ ಊಟ ಹಾಕುತ್ತಿದ್ದರು, ಅವು ಅನ್ನಛತ್ರಗಳು. ಮಠಗಳಲ್ಲಿ ದಾಸೋಹ ಇತ್ತು. ಉಳಿದ ಎಷ್ಟೋ ಕಡೆ ಸಿಗುತ್ತಿದ್ದದ್ದು ಸೂರು, ಬಾವಿ, ಒಲೆ ಹೂಡೋಕೆ ಮೂರು ಕಲ್ಲು. ಅಕ್ಕಿ, ಬೇಳೆ ನಿಮ್ಮದು. ಸೌದೆ ಅಲ್ಲೇ ಕೊಳ್ಳಬೇಕು. ಪಾತ್ರೆ ಮನೆಯಿಂದ ತರಬೇಕು. ಇವತ್ತು ನಾವು ‘ಸರ್ವಿಸ್ ಅಪಾರ್ಟ್‌ಮೆಂಟ್ ವಿತ್ ಕಿಚನ್’ ಅಂತ ಹುಡುಕೋದೂ ಹೆಚ್ಚುಕಮ್ಮಿ ಇದನ್ನೇ ಅಲ್ವಾ?

ಒಂದು ವ್ಯತ್ಯಾಸ ಇದೆ. ನಾವು ಅಡುಗೆಮನೆ ಹುಡುಕೋದು ದುಡ್ಡು ಉಳಿಸೋಕೆ, ಮಕ್ಕಳ ಹೊಟ್ಟೆ ಕೆಡದೇ ಇರಲಿ ಅಂತ. ಅವತ್ತಿನ ಬಹಳ ಜನ ತಾವೇ ಬೇಯಿಸಿಕೊಳ್ಳುತ್ತಿದ್ದದ್ದು ಇನ್ನೊಬ್ಬರು ಮುಟ್ಟಿದ್ದನ್ನು ತಿನ್ನಬಾರದು ಅಂತ. ಮಡಿ-ಮೈಲಿಗೆಯ ಲೆಕ್ಕದಲ್ಲಿ ನೀರಲ್ಲಿ ಬೆಂದ ಅನ್ನಕ್ಕೆ ‘ಮುಸುರೆ’ ಅಂತ ಹೆಸರು. ಅದನ್ನು ಯಾರು ಬೇಯಿಸಿದರು, ಯಾರು ಮುಟ್ಟಿದರು ಅನ್ನೋದು ದೊಡ್ಡ ಪ್ರಶ್ನೆ. ಅವಲಕ್ಕಿ, ಹುರಿಹಿಟ್ಟು, ಎಣ್ಣೆಯಲ್ಲಿ ಕರಿದದ್ದು, ಇವಕ್ಕೆಲ್ಲ ನಿಯಮ ಸಡಿಲ. ದಾರಿಯ ಬುತ್ತಿಗೆ ಅವಲಕ್ಕಿ ಅಷ್ಟು ಹೊಂದಿಕೊಂಡಿದ್ದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಕಾರಣ ಶುದ್ಧ ಅನುಕೂಲ. ಭತ್ತವನ್ನು ನೆನೆಸಿ, ಹುರಿದು, ಕುಟ್ಟಿದ್ದೇ ಅವಲಕ್ಕಿ. ಅಂದರೆ ಬೇಯಿಸುವ ಅರ್ಧ ಕೆಲಸ ಮನೆಯಲ್ಲೇ ಮುಗಿದಿರುತ್ತೆ, ದಾರಿಯಲ್ಲಿ ನೀರು ಚಿಮುಕಿಸಿದರೆ ಸಾಕು. ಪುಳಿಯೋಗರೆ ಗೊಜ್ಜಿನಲ್ಲಿ ಹುಣಸೆಯ ಹುಳಿ, ಉಪ್ಪು, ಎಣ್ಣೆ ಮೂರೂ ಸೇರಿ ಕೆಡದ ಹಾಗೆ ಕಾಯುತ್ತವೆ. ಉತ್ತರ ಕರ್ನಾಟಕದ ಕಡಕ್ ರೊಟ್ಟಿಯಲ್ಲಿ ನೀರಿನ ಪಸೆಯೇ ಇಲ್ಲ, ಶೇಂಗಾ ಚಟ್ನಿ ಜೊತೆ ವಾರಗಟ್ಟಲೆ ಬರುತ್ತೆ. ಮೊಸರನ್ನದ ಉಪಾಯ ಇನ್ನೂ ಚೆಂದ. ಬೆಳಗ್ಗೆ ಬಿಸಿ ಅನ್ನ ಹಿಸುಕಿ ಹಾಲು ಸುರಿದು, ಆರಿದ ಮೇಲೆ ಒಂದೇ ಚಮಚ ಮೊಸರು ಬೆರೆಸಿ ಡಬ್ಬಿಗೆ ಹಾಕಿದರೆ, ಮಧ್ಯಾಹ್ನ ತೆಗೆಯುವ ಹೊತ್ತಿಗೆ ಹುಳಿ ಬರದ ಮೊಸರನ್ನ ಆಗಿರುತ್ತೆ. ‘ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಬಂದೀತು’ ಅಂತ ಗಾದೆ ಇದೆಯಲ್ಲ, ಆ ಗಾದೆಯನ್ನು ಇನ್ನೊಂದು ನಾಲ್ಕು ದಿನ ಮುಂದೂಡೋಕೆ ನಮ್ಮ ಅಜ್ಜಿಯರು ತಲೆ ಓಡಿಸಿದ್ದರು.

ಇಷ್ಟು ಹೇಳಿ ‘ಆಹಾ, ನಮ್ಮ ಹಿರಿಯರು’ ಅಂತ ನಿಲ್ಲಿಸಿಬಿಡಬಹುದು. ಆದರೆ ಬುತ್ತಿ ಇದ್ದರೂ ಉಣ್ಣಲಾಗದವರು ಇದ್ದರು. 1901ರಲ್ಲಿ ಹುಡುಗ ಭೀಮರಾವ್ ಅಂಬೇಡ್ಕರ್ ಅಣ್ಣನ ಜೊತೆ, ಅಕ್ಕನ ಮಗನ ಜೊತೆ ಸಾತಾರಾದಿಂದ ಗೋರೆಗಾಂವ್‌ನಲ್ಲಿದ್ದ ಅಪ್ಪನನ್ನು ನೋಡಲು ಹೊರಟ ಕಥೆಯನ್ನು ಅವರೇ ಮುಂದೆ ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಬರೆದಿದ್ದಾರೆ. ಮಸೂರ್ ಸ್ಟೇಷನ್ನಿನಲ್ಲಿ ಇಳಿದರು. ಜಾತಿ ಗೊತ್ತಾದ ಮೇಲೆ ಗಾಡಿ ಸಿಗೋದೇ ಕಷ್ಟವಾಯಿತು, ದುಪ್ಪಟ್ಟು ಬಾಡಿಗೆ ಕೊಟ್ಟು ಹೊರಟರು. ಡಬ್ಬಿ ತುಂಬ ಊಟ ಇತ್ತು. ಕುಡಿಯೋಕೆ ಮಾತ್ರ ಯಾರೂ ನೀರು ಕೊಡಲಿಲ್ಲ. ರಾತ್ರಿ ಸುಂಕದ ಕಟ್ಟೆಯವನ ಹತ್ತಿರ ಕೇಳಿದರೂ ಸಿಗಲಿಲ್ಲ. ನೀರಿಲ್ಲದೆ ತುತ್ತು ಇಳಿಯದೆ ಆ ಮಕ್ಕಳು, ಊಟ ಪಕ್ಕದಲ್ಲೇ ಇದ್ದರೂ, ಹಸಿದೇ ಮಲಗಿದರು. ಪ್ರವಾಸದ ಅಡುಗೆಯ ಚರಿತ್ರೆ ಬರೆಯೋರು ಈ ರಾತ್ರಿಯನ್ನು ಬಿಟ್ಟು ಬರೆಯೋಕಾಗಲ್ಲ.

ಸಾಹೇಬರ ಕಥೆ ಬೇರೆ. ಅವರಿಗೆ ಡಾಕ್ ಬಂಗಲೆ, ಅದರಲ್ಲೊಬ್ಬ ಖಾನ್ಸಾಮ. ಸಾಹೇಬರು ಬಂದಿಳಿದ ಮೇಲೆ ಅಂಗಳದ ಕೋಳಿ ಹಿಡಿದು, ಕೊಯ್ದು, ಹುರಿದು ಬಡಿಸೋ ವೇಗಕ್ಕೆ ಆ ಕೋಳಿ ಅಡುಗೆಗೆ ‘ಸಡನ್ ಡೆತ್’ ಅಂತಲೇ ಅಡ್ಡಹೆಸರು ಬಿದ್ದಿತ್ತು. 1886ರ ‘ಹಾಬ್ಸನ್-ಜಾಬ್ಸನ್’ ನಿಘಂಟಿನಲ್ಲಿ ಈ ಪದ ದಾಖಲಾಗಿದೆ.

ಬಂಗಲೆಯ ಖಾನ್ಸಾಮನೂ ಇಲ್ಲ, ಛತ್ರದಲ್ಲಿ ಒಲೆ ಊದೋಕೆ ಪುರುಸೊತ್ತೂ ಇಲ್ಲ ಅನ್ನುವ ಹೊಸ ಮಧ್ಯಮವರ್ಗಕ್ಕೆ ಒಂದು ದಾರಿ ತೋರಿಸಿದವರು ಬಂಗಾಳದ ಇಂದುಮಾಧವ ಮಲ್ಲಿಕ್. 1910ರಲ್ಲಿ ಅವರು ‘ಇಕ್‌ಮಿಕ್ ಕುಕ್ಕರ್’ ಮಾಡಿದರು. ದೊಡ್ಡದೊಂದು ಡಬ್ಬ, ಕೆಳಗೆ ಸ್ವಲ್ಪ ಇದ್ದಿಲ ಕೆಂಡ, ಒಳಗೆ ನೀರು. ಅದರಲ್ಲಿ ಟಿಫನ್ ಕ್ಯಾರಿಯರ್ ಥರ ಒಂದರ ಮೇಲೊಂದು ಪಾತ್ರೆ, ಒಂದರಲ್ಲಿ ಅಕ್ಕಿ, ಒಂದರಲ್ಲಿ ಬೇಳೆ, ಇನ್ನೊಂದರಲ್ಲಿ ತರಕಾರಿ. ಹೊತ್ತಿಸಿಟ್ಟು ಕೆಲಸಕ್ಕೆ ಹೋದರೆ, ಬರೋ ಹೊತ್ತಿಗೆ ಹಬೆಯಲ್ಲಿ ಊಟ ರೆಡಿ. ಪ್ರವಾಸಕ್ಕೆ ಹೊತ್ತೊಯ್ಯಲೂ ಅನುಕೂಲ.

ಅದೇ ಕಾಲಕ್ಕೆ ಸ್ವೀಡನ್ನಿನಲ್ಲಿ 1892ರಲ್ಲಿ ಹುಟ್ಟಿದ ಪ್ರೈಮಸ್ ಸ್ಟೌ ನಮ್ಮ ಮನೆಗಳಿಗೆ ‘ಪಂಪ್ ಸ್ಟೌ’ ಆಗಿ ಬರುತ್ತಿತ್ತು. ಸೌದೆ, ಹೊಗೆ ಎರಡೂ ಬೇಡ, ಒಂದು ಬಾಟಲಿ ಸೀಮೆಎಣ್ಣೆ ಇದ್ದರೆ ಸಾಕು. ಇನ್ನೊಂದು ಕಡೆ ಉಡುಪಿ ಹೋಟೆಲುಗಳು ಹಬ್ಬಿದವು. ಅಲ್ಲೂ ಮೊದಮೊದಲು ಎಷ್ಟೋ ಕಡೆ ಬ್ರಾಹ್ಮಣರಿಗೆ ಬೇರೆ ಪಂಕ್ತಿ ಇತ್ತು. ಆದರೂ ‘ಹೊರಗೆ ತಿನ್ನಬಹುದು’ ಅನ್ನೋ ಅಭ್ಯಾಸ ನಿಧಾನಕ್ಕೆ ಬೆಳೆದದ್ದು ಅಲ್ಲೇ.

1956ರಲ್ಲಿ ಕೇಂದ್ರ ಸರ್ಕಾರ ತನ್ನ ನೌಕರರಿಗೆ ಎಲ್‌ಟಿಸಿ ಕೊಟ್ಟಿತು. 1959ರಲ್ಲಿ ಹಾಕಿನ್ಸ್, ಪ್ರೆಸ್ಟೀಜ್ ಕಂಪನಿಗಳು ಇಲ್ಲಿ ಪ್ರೆಶರ್ ಕುಕ್ಕರ್ ಶುರುಮಾಡಿದವು. ಈ ಎರಡೂ ಸೇರಿದ ಮೇಲೆ ನಮ್ಮಂಥವರ ಪ್ರವಾಸ ಹುಟ್ಟಿತು. ರೈಲಿನ ಖರ್ಚು ಸರ್ಕಾರದ್ದು, ಊಟದ ಖರ್ಚು ನಮ್ಮದು. ಊಟದಲ್ಲಿ ಉಳಿಸಿದರೆ ಇನ್ನೊಂದು ಊರು ನೋಡಬಹುದು. ಸರಿ, ಕುಕ್ಕರೂ ಸ್ಟೌವೂ ಜೊತೆಗೆ ಹೊರಟವು.

ನಮ್ಮನೆಯದೂ ಅಂಥದೇ ಒಂದು ಎಲ್‌ಟಿಸಿ. 1993, ಕನ್ಯಾಕುಮಾರಿ. ಅದರ ಆಲ್ಬಮ್ಮು ಇನ್ನೂ ಇದೆ. ಸೂರ್ಯಾಸ್ತದ ಫೋಟೋದಲ್ಲಿ ಅಪ್ಪ ಇದ್ದಾರೆ, ಅಜ್ಜಿ, ಚಿಕ್ಕಪ್ಪ, ನಾನು, ತಮ್ಮ ಇದ್ದೀವಿ. ಅಮ್ಮ ಇಲ್ಲ. ಫೋಟೋ ತೆಗೆದದ್ದು ಅವಳೇ ಅಂತ ಇಷ್ಟು ವರ್ಷ ನಾನು ಅಂದುಕೊಂಡಿದ್ದೆ. ಮಡಿಕೇರಿಯ ಆ ರಾತ್ರಿ ಮಾತಿಗೆ ಮಾತು ಬಂದು ಕೇಳಿದರೆ, “ನಂಗೆಲ್ಲಿ ಕ್ಯಾಮೆರಾ ಬರ್ತಿತ್ತು? ಅದನ್ನ ತೆಗೆದದ್ದು ಪಕ್ಕದ ರೂಮಿನೋರು. ನಾನು ಛತ್ರದಲ್ಲಿ ಸ್ಟೌ ಹಚ್ತಾ ಇದ್ದೆ. ನೀವು ಬರೋ ಹೊತ್ತಿಗೆ ಅನ್ನ-ಸಾರು ಆಗಬೇಕಿತ್ತಲ್ಲ” ಅಂದಳು. ದೂರಿನ ದನಿ ಇರಲಿಲ್ಲ. ನನಗೇ ಗಂಟಲು ಕಟ್ಟಿತು. ಮೂರು ಸಮುದ್ರ ಸೇರುವ ಜಾಗಕ್ಕೆ ಹೋಗಿ ನಮ್ಮಮ್ಮ ನೋಡಿದ್ದು ಪಂಪ್ ಸ್ಟೌವಿನ ನೀಲಿ ಬೆಂಕಿ.

ಆ ಕೆಲಸವನ್ನು ಒಂದಿಷ್ಟು ಹಗುರ ಮಾಡಿದ್ದು ಪೊಟ್ಟಣಗಳು. 1924ರಲ್ಲಿ ಶುರುವಾದ ಎಂಟಿಆರ್, 1975ರ ತುರ್ತು ಪರಿಸ್ಥಿತಿಯಲ್ಲಿ ಹೋಟೆಲ್ ತಿಂಡಿಗಳ ಬೆಲೆಗೆ ಸರ್ಕಾರ ಕಡಿವಾಣ ಹಾಕಿದಾಗ, ಪುಡಿ ಮತ್ತು ರೆಡಿ ಮಿಕ್ಸ್‌ಗಳ ಕಡೆ ತಿರುಗಿತು. ಮೈಸೂರಿನಲ್ಲಿ 1961ರಲ್ಲಿ ಸ್ಥಾಪನೆಯಾದ ಡಿಎಫ್‌ಆರ್‌ಎಲ್, ಅಂದರೆ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ, ಗಡಿಯ ಸೈನಿಕರಿಗಾಗಿ ರಿಟಾರ್ಟ್ ಪೌಚ್ ಊಟಗಳನ್ನು ರೂಪಿಸಿತು. ಹಲವು ಪದರದ ಚೀಲದಲ್ಲಿ ಬೇಯಿಸಿದ ಆಹಾರ ಹಾಕಿ, ಸೀಲ್ ಮಾಡಿ, ಒತ್ತಡದಲ್ಲಿ ಸುಮಾರು 121 ಡಿಗ್ರಿ ಕಾಯಿಸಿದರೆ ಅದು ಫ್ರಿಜ್ಜಿಲ್ಲದೆ ತಿಂಗಳುಗಟ್ಟಲೆ ಕೆಡೋದಿಲ್ಲ. ಸೈನಿಕರಿಗೆ ಮಾಡಿದ ಆ ವಿದ್ಯೆ ಕಂಪನಿಗಳ ಮೂಲಕ ಅಂಗಡಿಗೆ ಬಂತು. ಇವತ್ತು ಬಿಸಿನೀರಲ್ಲಿ ಅದ್ದಿ ತಿನ್ನುವ ಬಿಸಿಬೇಳೆ ಬಾತು ನಮ್ಮ ಬ್ಯಾಗಿನಲ್ಲಿದೆ.

ಅಂದರೆ ಸುಲಭದ ಅಡುಗೆಗೆ ಬೇಕಾದ್ದೆಲ್ಲ ಈಗ ಇದೆ. ಮಡಿಯ ಭಯ ನಮ್ಮ ಮನೆಯಲ್ಲಿ ಹೋಗಿದೆ. ಉಳಿದಿರೋದು ‘ಅಡುಗೆಮನೆ ಇದ್ದ ಕಡೆ ಅಮ್ಮ ಇರ್ತಾಳೆ’ ಅನ್ನೋ ಅಭ್ಯಾಸ. ಅಡುಗೆ ಎಷ್ಟೇ ಸುಲಭವಾದರೂ ಮಾಡೋರು ಒಬ್ಬರೇ ಆದರೆ ಅವರಿಗೆ ಅದು ರಜೆ ಅಲ್ಲ, ಬೇರೆ ಊರಿನ ಡ್ಯೂಟಿ.

ಎರಡನೇ ದಿನ ನಾನು, ನನ್ನ ಗಂಡ, ತಮ್ಮ ಸೇರಿ ಒಂದು ಪಟ್ಟಿ ಮಾಡಿದ್ವಿ. ನಿಮಗೂ ಉಪಯೋಗಕ್ಕೆ ಬರಬಹುದು. ಬೆಳಗ್ಗೆ ಗೊಜ್ಜವಲಕ್ಕಿ. ಒಡೆದ ಗಟ್ಟಿ ಅವಲಕ್ಕಿ, ಹುಣಸೆರಸ, ಬೆಲ್ಲ, ಸಾರಿನಪುಡಿ, ಉಪ್ಪು ಕಲಸಿ ಇಪ್ಪತ್ತು ನಿಮಿಷ ಬಿಟ್ಟು ಒಗ್ಗರಣೆ ಹಾಕೋದು. ಮಧ್ಯಾಹ್ನ ಹೊರಗೆ. ರಾತ್ರಿ ಕುಕ್ಕರಿನಲ್ಲಿ ಖಾರ ಪೊಂಗಲ್. ಒಂದು ಲೋಟ ಅಕ್ಕಿಗೆ ಅರ್ಧ ಲೋಟ ಹುರಿದ ಹೆಸರುಬೇಳೆ, ಐದು ಲೋಟ ನೀರು, ನಾಲ್ಕು ವಿಷಲ್, ಮೇಲೆ ತುಪ್ಪದಲ್ಲಿ ಮೆಣಸು, ಜೀರಿಗೆ, ಶುಂಠಿ. ಇದು ನಾಲ್ಕು ಜನಕ್ಕೆ ಸಾಕು, ನಾವು ಎರಡು ಸಲ ಇಟ್ವಿ. ಮಾರನೇ ದಿನಕ್ಕೆ ಉಳಿದ ಅನ್ನದ ಚಿತ್ರಾನ್ನ. ಮೂರಕ್ಕೂ ಬೇಕಾಗಿದ್ದು ಒಂದು ಕುಕ್ಕರು, ಒಂದು ಬಾಣಲೆ. ಪಾತ್ರೆ ತೊಳೆಯೋ ಪಾಳಿಯನ್ನೂ ಪಟ್ಟಿಯಲ್ಲೇ ಬರೆದಿದ್ವಿ. ಅದನ್ನು ಬರೆಯದಿದ್ದರೆ ಆ ಕೆಲಸ ಯಾರ ಪಾಲಿಗೆ ಹೋಗುತ್ತೆ ಅಂತ ನಿಮಗೂ ಗೊತ್ತು.

ಅಮ್ಮ ಎರಡು ಸಲ ಅಡುಗೆಮನೆಗೆ ಬಂದು ಇಣುಕಿದಳು. “ಬೇಳೆ ಇನ್ನೂ ಹುರೀಬೇಕು” ಅಂದಳು. ತಮ್ಮ ಅವಳ ಹೆಗಲು ಹಿಡಿದು ಜಗುಲಿಯ ಕುರ್ಚಿಗೆ ಕರೆದುಕೊಂಡು ಹೋಗಿ ಕೂರಿಸಿದ. ಎದುರಿನ ಗುಡ್ಡದ ಹಿಂದೆ ಸೂರ್ಯ ಇಳಿಯುತ್ತಿದ್ದ. ಪೊಂಗಲ್ ತಂದುಕೊಟ್ಟಾಗ ಒಂದು ತುತ್ತು ಬಾಯಿಗಿಟ್ಟು, “ಉಪ್ಪು ಕಮ್ಮಿ” ಅಂದಳು.

ತರೋಕೆ ಅಂತ ಎದ್ದು ಹೋಗಲಿಲ್ಲ. ತಮ್ಮನೇ ತಂದುಕೊಟ್ಟ.