ಲಾಳವೋ, ನಾಳವೋ

ಸೂರತ್‌ನಲ್ಲಿ ನೆಲೆಸಿದ ಕನ್ನಡ ಕುಟುಂಬವೊಂದಕ್ಕಾಗಿ ಆಸ್ಪತ್ರೆಯ ಗುಜರಾತಿ ಮಾಹಿತಿ ಹಾಳೆಯನ್ನು ಕನ್ನಡಿಸುತ್ತಿದ್ದಾಗ ‘ಘೋಡಾನಿ ನಾಳ’ವನ್ನು ‘ಕುದುರೆಯ ನಾಳ’ ಎಂದು ಬರೆದುಬಿಟ್ಟಿದ್ದೆ. ಗುಜರಾತಿಯ ಆ ನಾಳ ಅರಬ್ಬಿಯ ‘ನಅಲ್’ನಿಂದ ಬಂದದ್ದು, ನಮ್ಮ ಲಾಳ. ಅವರ ಮಗುವಿನ ಎರಡು ಮೂತ್ರಪಿಂಡಗಳು ಕೆಳತುದಿಯಲ್ಲಿ ಬೆಸೆದು ಲಾಳದ ಆಕಾರ ತಳೆದಿದ್ದವು. ತಾಯಿ ಫೋನಿನಲ್ಲಿ ಕೇಳಿದ್ದು ಬೇರೆಯೇ: “ಅಕ್ಕಾ, ಏಳು ತಿಂಗಳಿದ್ದಾಗ ಗ್ರಹಣದ ದಿನ ಕತ್ತರಿ ಹಿಡಿದಿದ್ದೆ. ಅದಕ್ಕೇ ಹೀಗಾಯ್ತಾ?”

ಈ ಸ್ಥಿತಿಯನ್ನು ಮೊದಲು ದಾಖಲಿಸಿದವನು ಇಟಲಿಯ ಬೆರೆಂಗಾರಿಯೊ ದ ಕಾರ್ಪಿ, 1522ರಲ್ಲಿ, ಶವ ಕೊಯ್ದು ನೋಡಿ. 1564ರಲ್ಲಿ ಬೊಟಾಲ್ಲೊ ಚಿತ್ರ ಸಮೇತ ವಿವರಿಸಿದ. ಆಮೇಲೆ ಶತಮಾನಗಳ ಕಾಲ ಇದು ಹೆಚ್ಚಾಗಿ ಕಂಡದ್ದು ಶವದ ಮೇಜಿನ ಮೇಲೆಯೇ. ಸುಮಾರು 500 ಜನರಲ್ಲಿ ಒಬ್ಬರಿಗೆ ಇರುತ್ತದೆ. ಅನೇಕರು ತಮಗಿದೆಯೆಂದು ತಿಳಿಯದೆಯೇ ಬಾಳಿ ಹೋಗಿದ್ದಾರೆ. 1929ರಲ್ಲಿ ರಕ್ತನಾಳಕ್ಕೆ ಬಣ್ಣದ್ರವ ಕೊಟ್ಟು ಎಕ್ಸ್‌ರೇ ತೆಗೆಯುವ ವಿಧಾನ ಬಂದ ಮೇಲೆ ಬದುಕಿದ್ದವರಲ್ಲೂ ಕಾಣತೊಡಗಿತು. ಈಗ ಅಲ್ಟ್ರಾಸೌಂಡ್ ಹುಟ್ಟುವ ಮೊದಲೇ ತೋರಿಸಿಬಿಡುತ್ತದೆ. ಹಿಂದೆ ಯಾರಿಗೂ ಗೊತ್ತಾಗದೆ ಉಳಿದದ್ದು ಈಗ ತಾಯಂದಿರ ನಿದ್ದೆ ಕೆಡಿಸುತ್ತಿದೆ.

ಗುಜರಾತಿನಲ್ಲಿ ತೋರಿಸಲು ಜಾಗಗಳಿವೆ. 1977ರಲ್ಲಿ ಕೆನಡಾದಿಂದ ಮರಳಿದ ಡಾ. ಎಚ್.ಎಲ್. ತ್ರಿವೇದಿ ಅಹಮದಾಬಾದಿನ ಸಿವಿಲ್ ಆಸ್ಪತ್ರೆಯ ಆವರಣದಲ್ಲಿ ಕಿಡ್ನಿ ಸಂಸ್ಥೆಯನ್ನು ಕಟ್ಟಿದರು. ಅಲ್ಲಿಂದ ವಡೋದರಾಕ್ಕೆ ಹೋಗುವ ದಾರಿಯ ನಡಿಯಾದ್‌ನಲ್ಲಿ ಮುಲ್ಜಿಭಾಯಿ ಪಟೇಲ್ ಮೂತ್ರರೋಗ ಆಸ್ಪತ್ರೆಯಿದೆ. ಬೆಸೆದ ಪಿಂಡದಲ್ಲಿ ಮೂತ್ರ ಸರಾಗ ಇಳಿಯದೆ ಕಲ್ಲು, ಸೋಂಕು ಆಗಬಹುದಾದ್ದರಿಂದ ಆಗಾಗ ತೋರಿಸಿಕೊಳ್ಳಬೇಕು.

ಗ್ರಹಣದ ಪ್ರಶ್ನೆಗೆ ಉತ್ತರ ಭ್ರೂಣಶಾಸ್ತ್ರದಲ್ಲಿದೆ. ಪಿಂಡಗಳು ಮೊದಲು ಸೊಂಟದ ಗೂಡಿನಲ್ಲಿ ಹತ್ತಿರ ಹತ್ತಿರ ಇದ್ದು, ಆಮೇಲೆ ಮೇಲೇರುತ್ತವೆ. ಕೆಳತುದಿಗಳು ಅಂಟಿಕೊಂಡರೆ, ನಡುವಿನ ಸೇತುವೆ ಕರುಳಿಗೆ ಹೋಗುವ ಒಂದು ಅಪಧಮನಿಗೆ ಸಿಕ್ಕಿ ಪಯಣ ಅಲ್ಲಿಗೇ ನಿಲ್ಲುತ್ತದೆ. ಇದೆಲ್ಲ ಗರ್ಭದ ಮೊದಲ ವಾರಗಳ ಮಾತು. ಏಳನೆಯ ತಿಂಗಳ ಕತ್ತರಿಗೆ ಅಲ್ಲಿ ಕೆಲಸವೇ ಇರಲಿಲ್ಲ.

ಅವಳಿಗೆ ನೆಮ್ಮದಿಯಾಯಿತು, ಪೂರ್ತಿ ಅಲ್ಲ. ಇಂಥ ಕೆಲವು ಮಕ್ಕಳಲ್ಲಿ ಹೃದಯ, ಬೆನ್ನುಮೂಳೆ, ಗುದದ್ವಾರದ ದೋಷಗಳೂ, ಹೆಣ್ಣುಮಕ್ಕಳಲ್ಲಿ ಟರ್ನರ್ ಸಿಂಡ್ರೋಮ್ ಕೂಡ ಇರಬಹುದಾದ್ದರಿಂದ ವೈದ್ಯರು ಉಳಿದದ್ದನ್ನೂ ನೋಡಬೇಕೆಂದಿದ್ದರು. ಹೃದಯದ ಸ್ಕ್ಯಾನ್ ಮುಂದಿನ ಸೋಮವಾರ ಇತ್ತು. ಅದಕ್ಕೂ ಮೊದಲು ನಾನು ಹಾಳೆಯಲ್ಲಿ ‘ನಾಳ’ ಹೊಡೆದು ‘ಲಾಳ’ ಎಂದು ತಿದ್ದಿ ಕಳಿಸಿದೆ.