ಕೋವಿಡ್-19 ಮತ್ತು ಭಾರತದ ವಿದೇಶಿ ವ್ಯಾಪಾರ

1896ರಲ್ಲಿ ಮುಂಬಯಿಗೆ ಪ್ಲೇಗ್ ಬಂದಾಗ ಭಾರತದ ಸರಕನ್ನು ಯುರೋಪಿನ ದೇಶಗಳು ಅನುಮಾನದಿಂದ ಕಂಡವು. 1897ರ ವೆನಿಸ್ ಸಮ್ಮೇಳನದಲ್ಲಿ ಹಡಗುಗಳ ತಪಾಸಣೆಗೆ ನಿಯಮಗಳು ರೂಪುಗೊಂಡವು. ಕೋವಿಡ್ ಕಾಲದಲ್ಲಿ ಮಾತ್ರ ಮೊದಲ ನಿರ್ಬಂಧಗಳನ್ನು ಭಾರತವೇ ಹಾಕಿತು. 2020ರ ಜನವರಿ 31ರಂದು ವೈದ್ಯಕೀಯ ರಕ್ಷಣಾ ಸಾಮಗ್ರಿಗಳ, ಮಾರ್ಚ್ 25ರಂದು ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯ ರಫ್ತು ನಿಂತಿತು. ಮಾತ್ರೆಯ ಮೇಲಿನ ನಿಷೇಧವನ್ನು ಏಪ್ರಿಲ್‌ನಲ್ಲಿ ಸಡಿಲಿಸಲಾಯಿತು.

ಲಾಕ್‌ಡೌನ್‌ನ ಆ ಏಪ್ರಿಲ್‌ನಲ್ಲಿ ಸರಕು ರಫ್ತು ಹಿಂದಿನ ವರ್ಷದ ಅದೇ ತಿಂಗಳಿಗಿಂತ ಸುಮಾರು ಶೇ. 60ರಷ್ಟು ಕುಸಿಯಿತು. ಜೂನ್‌ನಲ್ಲಿ ಹದಿನೆಂಟು ವರ್ಷಗಳ ಬಳಿಕ ಆಮದನ್ನು ರಫ್ತು ಮೀರಿಸಿತು. ಇದನ್ನು ಸಾಧನೆಯೆಂದು ಎಣಿಸುವುದು ತಪ್ಪು. ಕಚ್ಚಾತೈಲ, ಚಿನ್ನ, ಯಂತ್ರಗಳನ್ನು ಕೊಳ್ಳುವವರೇ ಇರಲಿಲ್ಲ. ಎಲ್ಲ ಸರಕೂ ಒಂದೇ ಸಮನೆ ಕುಸಿಯಲೂ ಇಲ್ಲ. 2019–20ರಲ್ಲಿ ಸುಮಾರು 50 ಲಕ್ಷ ಟನ್ ಇದ್ದ ಬಾಸ್ಮತಿಯೇತರ ಅಕ್ಕಿಯ ರಫ್ತು ಮರುವರ್ಷ 130 ಲಕ್ಷ ಟನ್ ದಾಟಿತು.

ಪಿಪಿಇ ಕಿಟ್‌ನ ಕಥೆ ಇನ್ನೂ ಗಮನಾರ್ಹ. 2020ರ ಆರಂಭದಲ್ಲಿ ಕೋವಿಡ್‌ಗೆ ತಕ್ಕ ಮೈಮುಚ್ಚುವ ಕವಚ ದೇಶದಲ್ಲಿ ತಯಾರಾಗುತ್ತಲೇ ಇರಲಿಲ್ಲ. ಸೂಜಿ ತೂರಿದ ಪ್ರತಿ ತೂತಿನಿಂದಲೂ ದ್ರವ ಒಳಗಿಳಿಯಬಹುದಾದ್ದರಿಂದ ಹೊಲಿಗೆಯ ಮೇಲೆ ಬಿಸಿಯಿಂದ ಪಟ್ಟಿ ಅಂಟಿಸಬೇಕು. ಆ ಯಂತ್ರಗಳೂ ಪಟ್ಟಿಯೂ ವಿರಳವಾಗಿದ್ದವು. ಆದರೂ ಮೇ ವೇಳೆಗೆ ದಿನಕ್ಕೆ 4 ಲಕ್ಷಕ್ಕೂ ಹೆಚ್ಚು ಕವಚಗಳು ಸಿದ್ಧವಾಗುತ್ತಿದ್ದವು. ಆರಂಭದ ದಿನಗಳಲ್ಲಿ ಸುಮಾರು ಅರ್ಧದಷ್ಟು ಬಂದದ್ದು ಬೆಂಗಳೂರಿನಿಂದ. ಗಾರ್ಮೆಂಟ್ಸ್ ಕಾರ್ಮಿಕರ ಪಳಗಿದ ಕೈಗಳಿಲ್ಲದೆ ಇದು ಆಗುತ್ತಿರಲಿಲ್ಲ. ಜೂನ್ ಕೊನೆಯಲ್ಲಿ ತಿಂಗಳಿಗೆ 50 ಲಕ್ಷ ಕವಚಗಳ ರಫ್ತಿಗೆ ಅನುಮತಿ ಸಿಕ್ಕಿತು.

2021ರ ಜನವರಿ 20ರಂದು ಭೂತಾನ್, ಮಾಲ್ಡೀವ್ಸ್‌ಗಳಿಗೆ ಲಸಿಕೆ ಹೊರಟಿತು. ಏಪ್ರಿಲ್‌ನ ಎರಡನೇ ಅಲೆಯಲ್ಲಿ ಲಸಿಕೆಯ ರಫ್ತು ಬಹುತೇಕ ನಿಂತಿತು. ಒಟ್ಟು ವ್ಯಾಪಾರ ಮಾತ್ರ ಬೇಗ ಚೇತರಿಸಿತು: 2020–21ರಲ್ಲಿ ಸುಮಾರು 29,100 ಕೋಟಿ ಡಾಲರ್‌ಗೆ ಇಳಿದಿದ್ದ ಸರಕು ರಫ್ತು ಮರುವರ್ಷ 42,000 ಕೋಟಿ ದಾಟಿತು.

ಪರಾವಲಂಬನೆ ಅಷ್ಟು ಸುಲಭವಾಗಿ ಕರಗಲಿಲ್ಲ. ಆಮದಾಗುವ ಔಷಧ ಮೂಲವಸ್ತುಗಳಲ್ಲಿ ಸುಮಾರು ಮೂರನೇ ಎರಡು ಪಾಲು ಚೀನಾದಿಂದ ಬರುತ್ತಿತ್ತು. ಇವುಗಳನ್ನು ಇಲ್ಲೇ ತಯಾರಿಸಲೆಂದು 2020ರ ಮಾರ್ಚ್‌ನಲ್ಲಿ 6,940 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆ ಘೋಷಣೆಯಾಯಿತು. ಅದರಡಿ ಕಾಕಿನಾಡದ ಪೆನಿಸಿಲಿನ್-ಜಿ ಕಾರ್ಖಾನೆ ಉದ್ಘಾಟನೆಯಾದದ್ದು 2024ರಲ್ಲಿ. ಅಷ್ಟರೊಳಗೆ, 2021–22ರಲ್ಲೇ, ಚೀನಾದಿಂದ ಬರುವ ಒಟ್ಟು ಆಮದು 9,400 ಕೋಟಿ ಡಾಲರ್ ಮೀರಿ, ಸೋಂಕಿನ ಹಿಂದಿನ ಮಟ್ಟಕ್ಕಿಂತ ಬಹಳ ಮೇಲೇರಿತ್ತು.