ತಾಳಗೆಟ್ಟ ನಾಡಿಯ ಚರಿತ್ರೆ

ಛಂದಶ್ಶಾಸ್ತ್ರವನ್ನು ಓದಿದವರಿಗೆ ಮಾತ್ರೆಯೆಂಬ ಶಬ್ದವು ಕಾಲದ ಅಳತೆಯಾಗಿ ಪರಿಚಿತವಾದುದು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಅದೇ ಶಬ್ದವು ವೈದ್ಯನ ಬಾಯಲ್ಲಿ ಔಷಧದ ಪ್ರಮಾಣವನ್ನು ಸೂಚಿಸುತ್ತದೆ. ಜನಸಾಮಾನ್ಯರ ಮಾತಿನಲ್ಲಿ ಗುಳಿಗೆಗೇ ಹೆಸರಾಗಿದೆ. ಈ ಎರಡು ಅರ್ಥಗಳೂ ಒಂದೆಡೆ ಸೇರುವ ವ್ಯಾಧಿಯೊಂದುಂಟು. ಅದರಲ್ಲಿ ಕೆಡುವುದು ನಾಡಿಯ ಮಾತ್ರೆ. ಅದಕ್ಕೆ ಉಪಾಯವಾಗುವುದು ಔಷಧದ ಮಾತ್ರೆ. ಪಾಶ್ಚಾತ್ಯ ವೈದ್ಯರು ಅದನ್ನು ಏಟ್ರಿಯಲ್ ಫಿಬ್ರಿಲೇಶನ್ ಎನ್ನುವರು. ನಮ್ಮ ಮಾತಿನಲ್ಲಿ ಹೃತ್ಕರ್ಣಕಂಪನವೆಂದು ಹೇಳಬಹುದು. ಈ ವ್ಯಾಧಿಯ ಚಿಕಿತ್ಸೆಯು ಬೆಳೆದು ಬಂದ ಬಗೆಯನ್ನು ವಾಚಕರ ಮುಂದೆ ಸಂಗ್ರಹವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶವು.

ಮೊದಲು ವ್ಯಾಧಿಯ ಸ್ವರೂಪವನ್ನು ತಿಳಿಯಬೇಕು. ಹೃದಯದಲ್ಲಿ ನಾಲ್ಕು ಕೋಣೆಗಳಿರುವುವು: ಮೇಲೆ ಎರಡು ಹೃತ್ಕರ್ಣಗಳು, ಕೆಳಗೆ ಎರಡು ಹೃತ್ಕುಕ್ಷಿಗಳು. ಆರೋಗ್ಯವಂತನಲ್ಲಿ ಮೇಲಿನವು ಮೊದಲು ಸಂಕುಚಿಸಿ ರಕ್ತವನ್ನು ಕೆಳಕ್ಕೆ ತಳ್ಳುವುವು. ಆ ಬಳಿಕ ಕೆಳಗಿನವು ಅದನ್ನು ದೇಹಕ್ಕೆಲ್ಲ ನೂಕುವುವು. ಈ ವ್ಯಾಧಿ ತಟ್ಟಿದಾಗ ಹೃತ್ಕರ್ಣವು ಸಂಕುಚಿಸುವುದನ್ನೇ ಬಿಟ್ಟು ನಿಮಿಷಕ್ಕೆ ೩೫೦ರಿಂದ ೬೦೦ ಸಲ, ಗಾಳಿಗೆ ಸಿಕ್ಕಿದ ಅರಳಿಯ ಎಲೆಯಂತೆ, ಸುಮ್ಮನೆ ನಡುಗುತ್ತದೆ. ಮೇಲಿನಿಂದ ಕೆಳಕ್ಕೆ ಪ್ರೇರಣೆಯನ್ನು ಸಾಗಿಸುವ ದ್ವಾರವೊಂದು ಹೃದಯದ ನಡುವೆ ಇದೆ. ಅದು ಈ ನಡುಕಗಳಲ್ಲಿ ಕೆಲವನ್ನು ಮಾತ್ರ, ಯಾವ ಕ್ರಮವೂ ಇಲ್ಲದೆ, ಒಳಗೆ ಬಿಡುತ್ತದೆ. ಆದುದರಿಂದ ಮಣಿಕಟ್ಟಿನಲ್ಲಿ ನಾಡಿಯು ಒಮ್ಮೆ ಓಡುತ್ತ, ಒಮ್ಮೆ ತಡೆಯುತ್ತ, ಒಮ್ಮೆ ಬಲವಾಗಿ ಒಮ್ಮೆ ಕ್ಷೀಣವಾಗಿ ಬಡಿಯುತ್ತದೆ. ಇಷ್ಟೇ ಆಗಿದ್ದರೆ ಭಯವು ಅಲ್ಪವಾಗಿರುತ್ತಿತ್ತು. ಆದರೆ ನಡುಗುವ ಕೋಣೆಯಲ್ಲಿ ರಕ್ತವು ಕೆರೆಯ ನೀರಿನಂತೆ ನಿಲ್ಲುತ್ತದೆ, ನಿಂತುದು ಗರಣೆಗಟ್ಟುತ್ತದೆ, ಆ ಗರಣೆಯ ತುಣುಕು ಮಿದುಳಿಗೆ ಹರಿದರೆ ಪಾರ್ಶ್ವವಾಯುವಾಗುತ್ತದೆ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನ ಜನರನ್ನು ದಶಕಗಳ ಕಾಲ ಗಮನಿಸಿದ ವೈದ್ಯರು ಈ ವ್ಯಾಧಿಯುಳ್ಳವರಿಗೆ ಪಾರ್ಶ್ವವಾಯುವಿನ ಸಂಭವವು ಸುಮಾರು ಐದು ಪಟ್ಟು ಅಧಿಕವೆಂದು ೧೯೯೧ರಲ್ಲಿ ಲೆಕ್ಕ ಕೊಟ್ಟರು.

ನಮ್ಮ ಪೂರ್ವಿಕರು ಇಂಥ ನಾಡಿಯನ್ನು ಕಾಣದೆ ಇರಲಿಲ್ಲ. ಚರಕ ಸುಶ್ರುತರ ಗ್ರಂಥಗಳಲ್ಲಿ ನಾಡೀಪರೀಕ್ಷೆಗೆ ಪ್ರತ್ಯೇಕ ಪ್ರಕರಣವಿಲ್ಲವಾದರೂ, ಮುಂದೆ ಬಂದ ಶಾರ್ಙ್ಗಧರ ಸಂಹಿತೆಯಲ್ಲಿ ಅದಕ್ಕೆ ಸ್ಥಾನ ದೊರೆತಿದೆ. ವಾತದ ನಾಡಿಗೆ ಹಾವಿನ ಗತಿ, ಪಿತ್ತದ್ದಕ್ಕೆ ಕಪ್ಪೆಯ ಗತಿ, ಕಫದ್ದಕ್ಕೆ ಹಂಸದ ಗತಿಯನ್ನು ಹೋಲಿಸಿರುವ ಆ ಗ್ರಂಥಕಾರನು, ನಿಂತು ನಿಂತು ನಡೆಯುವ ನಾಡಿಯು ಪ್ರಾಣಕ್ಕೆ ಅಪಾಯವೆಂದೂ ಹೇಳಿದ್ದಾನೆ. ಬೆರಳ ತುದಿಯಿಂದಲೇ ಇಷ್ಟನ್ನು ಗ್ರಹಿಸಿದುದು ಸಾಮಾನ್ಯವಲ್ಲ. ಆದರೆ ನಾಡಿಯ ಗತಿಗೂ ಹೃದಯದ ಯಾವ ಕೋಣೆಯ ವಿಕಾರಕ್ಕೂ ಸಂಬಂಧವೆಂಬುದನ್ನು ಬೆರಳು ಹೇಳಲಾರದು. ಇಂಗ್ಲೆಂಡಿನ ವಿಲಿಯಂ ಹಾರ್ವೆಯು ೧೬೨೮ರಲ್ಲಿ ರಕ್ತಪರಿಚಲನೆಯನ್ನು ಪ್ರತಿಪಾದಿಸಿದ ಗ್ರಂಥದಲ್ಲಿ, ಸಾಯುತ್ತಿರುವ ಪ್ರಾಣಿಗಳ ಹೃದಯದಲ್ಲಿ ಕೊನೆಯವರೆಗೂ ಮಿಡಿಯುವುದು ಬಲಗಡೆಯ ಕರ್ಣವೇ ಎಂಬುದನ್ನು ಕಣ್ಣಾರೆ ಕಂಡು ಬರೆದಿಟ್ಟನು. ೧೭೪೯ರಲ್ಲಿ ಫ್ರಾನ್ಸಿನ ಸೆನಾಕ್ ಎಂಬ ವೈದ್ಯನು ಹೃದಯವನ್ನು ಕುರಿತು ದೊಡ್ಡ ಗ್ರಂಥವನ್ನು ಬರೆದು, ಹಟಮಾರಿಯಾದ ಎದೆಬಡಿತಕ್ಕೆ ಸಿಂಕೋನಾ ತೊಗಟೆಯು ಗುಣಕಾರಿಯೆಂದು ತಿಳಿಸಿದನು.

ಇಲ್ಲಿಂದ ಮುಂದಿನ ಕಥೆಯು ಮುಖ್ಯವಾಗಿ ಮೂರು ಸಸ್ಯವಸ್ತುಗಳದು: ಒಂದು ಎಲೆ, ಒಂದು ತೊಗಟೆ, ಒಂದು ಮುಗ್ಗಿದ ಹುಲ್ಲು.

ಎಲೆಯ ಕಥೆಯು ೧೭೭೫ರಲ್ಲಿ ಆರಂಭವಾಗುತ್ತದೆ. ಇಂಗ್ಲೆಂಡಿನ ಶ್ರಾಪ್‌ಶೈರ್ ಪ್ರಾಂತದ ಮುದುಕಿಯೊಬ್ಬಳು ಮೈಯೆಲ್ಲ ನೀರು ತುಂಬಿ ಊದುವ ಶೋಫರೋಗಕ್ಕೆ ಮನೆತನದ ಗುಟ್ಟಿನ ಕಷಾಯವನ್ನು ಕೊಡುತ್ತಿದ್ದಳು. ಪಂಡಿತವೈದ್ಯರು ಕೈಬಿಟ್ಟವರೂ ಅದರಿಂದ ಚೇತರಿಸಿಕೊಂಡುದುಂಟು. ಆ ಯೋಗದ ವಿಷಯವಾಗಿ ಅಭಿಪ್ರಾಯವನ್ನು ಕೇಳಿದಾಗ ವಿಲಿಯಂ ವಿದರಿಂಗ್ ಎಂಬ ವೈದ್ಯನು ಅದರಲ್ಲಿದ್ದ ಇಪ್ಪತ್ತಕ್ಕೂ ಮೇಲ್ಪಟ್ಟ ಮೂಲಿಕೆಗಳನ್ನು ಪರಿಶೀಲಿಸಿದನು. ಸಸ್ಯಶಾಸ್ತ್ರದಲ್ಲಿ ಪರಿಣತನಾದ ಅವನಿಗೆ ಕೆಲಸ ಮಾಡುವ ವಸ್ತುವು ಫಾಕ್ಸ್‌ಗ್ಲವ್ ಎಂಬ ಗಿಡವೊಂದೇ ಎಂದು ತಿಳಿಯುವುದು ಕಷ್ಟವಾಗಲಿಲ್ಲ. ಇದಕ್ಕೆ ಶಾಸ್ತ್ರದಲ್ಲಿ ಡಿಜಿಟಾಲಿಸ್ ಎಂದು ಹೆಸರು. ಇಷ್ಟನ್ನು ಕಂಡುಕೊಂಡು ಅವನು ಸುಮ್ಮನಾಗಿದ್ದರೆ ಗುಟ್ಟು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದಂತಾಗುತ್ತಿತ್ತು, ಅಷ್ಟೆ. ಅವನಾದರೋ ಹತ್ತು ವರ್ಷ ಕಾದನು. ಎಲೆಯನ್ನು ಯಾವ ಋತುವಿನಲ್ಲಿ ಕೀಳಬೇಕು, ಹೇಗೆ ಒಣಗಿಸಬೇಕು, ಎಷ್ಟು ಪುಡಿಯನ್ನು ಎಷ್ಟು ಕಾಲಕ್ಕೊಮ್ಮೆ ಕೊಡಬೇಕು, ಓಕರಿಕೆಯೋ ನಾಡಿಯ ಮಂದಗತಿಯೋ ಕಂಡೊಡನೆ ಹೇಗೆ ನಿಲ್ಲಿಸಬೇಕು ಎಂಬುದನ್ನೆಲ್ಲ ಗೊತ್ತುಮಾಡಿ ೧೭೮೫ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಗ್ರಂಥವನ್ನು ಅಚ್ಚುಹಾಕಿಸಿದನು. ಗುಣವಾದ ರೋಗಿಗಳ ವೃತ್ತಾಂತದೊಡನೆ ಗುಣವಾಗದವರ ವೃತ್ತಾಂತವನ್ನೂ ಅದರಲ್ಲಿ ಸೇರಿಸಿದುದೇ ಆ ಗ್ರಂಥದ ಹಿರಿಮೆ. ಆ ಎಲೆ ಮಿತಿಮೀರಿದರೆ ವಿಷ, ಮಾತ್ರೆಯನ್ನರಿತರೆ ಔಷಧ.

ಆದರೂ ಅದು ಹೃದಯದಲ್ಲಿ ಏನು ಮಾಡುತ್ತದೆಂಬುದು ವಿದರಿಂಗನಿಗೆ ಸ್ಪಷ್ಟವಿರಲಿಲ್ಲ. ಅದು ತಿಳಿಯಲು ಒಂದು ಶತಮಾನವೇ ಹಿಡಿಯಿತು. ಲಂಕಾಷೈರಿನ ಬರ್ನ್ಲಿ ಎಂಬ ನೂಲುಗಿರಣಿಯ ಊರಿನಲ್ಲಿ ಜೇಮ್ಸ್ ಮೆಕೆಂಜಿ ಎಂಬ ಸಾಮಾನ್ಯ ವೈದ್ಯನಿದ್ದನು. ಅವನು ಊರಿನ ಗಡಿಯಾರದ ಕಸಬಿನವನ ಸಹಾಯದಿಂದ ಮಣಿಕಟ್ಟಿನ ನಾಡಿಯನ್ನೂ ಕುತ್ತಿಗೆಯ ಸಿರೆಯ ಅಲೆಯನ್ನೂ ಒಮ್ಮೆಗೇ ಕಾಗದದ ಮೇಲೆ ಗೀಚುವ ಯಂತ್ರವನ್ನು ರಚಿಸಿದನು. ಅನೇಕ ವರ್ಷಗಳಿಂದ ತಾನು ನೋಡಿಕೊಳ್ಳುತ್ತಿದ್ದ ರೋಗಿಯೊಬ್ಬಳ ನಾಡಿ ಕ್ರಮ ತಪ್ಪಿದ ದಿನವೇ ಆ ಗೀಚಿನಲ್ಲಿ ಹೃತ್ಕರ್ಣದ ಅಲೆಯೂ ಮಾಯವಾದುದನ್ನು ಕಂಡು, ಕರ್ಣವು ನಿಶ್ಚೇಷ್ಟಿತವಾಗಿದೆಯೆಂದು ಬರೆದನು. ಅನಂತರ ಹಾಲೆಂಡಿನ ಲೈಡನ್ ನಗರದ ಐಂಟ್‌ಹೋವನ್ ಹೃದಯದ ವಿದ್ಯುತ್ತನ್ನು ಅಳೆಯುವ ಉಪಕರಣವನ್ನು ನಿರ್ಮಿಸಿದನು; ಅದಕ್ಕಾಗಿ ೧೯೨೪ರ ನೊಬೆಲ್ ಪಾರಿತೋಷಕವು ಅವನಿಗೆ ಸಂದಿತು. ಆ ಉಪಕರಣದಿಂದ ೧೯೦೯ರಲ್ಲಿ ಲಂಡನ್ನಿನ ಥಾಮಸ್ ಲೂಯಿಸನೂ, ವಿಯೆನ್ನಾದ ರೋಥ್‌ಬರ್ಗರ್ ಮತ್ತು ವಿಂಟರ್‌ಬರ್ಗರೂ ಕರ್ಣವು ನಿಶ್ಚೇಷ್ಟಿತವಾಗಿಲ್ಲ, ಎಡೆಬಿಡದೆ ನಡುಗುತ್ತಿದೆಯೆಂದು ಸ್ಥಾಪಿಸಿದರು. ಡಿಜಿಟಾಲಿಸ್ ಈ ನಡುಕವನ್ನು ನಿಲ್ಲಿಸದು. ನಡುವಣ ದ್ವಾರವನ್ನು ಬಿಗಿಗೊಳಿಸಿ ಕೆಳಗಿನ ಕೋಣೆಗಳು ಧಾವಿಸುವುದನ್ನು ತಡೆಯುತ್ತದೆ. ೧೯೩೦ರಲ್ಲಿ ಅದೇ ಜಾತಿಯ ಇನ್ನೊಂದು ಗಿಡದಿಂದ ಡಿಜಾಕ್ಸಿನ್ ಎಂಬ ಸಾರವನ್ನು ಬೇರ್ಪಡಿಸಿದ ಮೇಲೆ ಮಾತ್ರೆಯನ್ನು ನಿಷ್ಕರ್ಷೆಯಾಗಿ ತೂಗುವುದು ಸಾಧ್ಯವಾಯಿತು. ಇಂದಿಗೂ ಅದು ಬಳಕೆಯಲ್ಲಿದೆ.

ತೊಗಟೆಯ ಕಥೆಯು ಇನ್ನೂ ವಿನೋದವಾದುದು. ೧೯೧೨ರಲ್ಲಿ ಪೂರ್ವದ್ವೀಪಗಳಲ್ಲಿ ವ್ಯಾಪಾರ ಮಾಡಿದ್ದ ಡಚ್ ವರ್ತಕನೊಬ್ಬನು ವೆಂಕೆಬಾಖ್ ಎಂಬ ಪ್ರಸಿದ್ಧ ವೈದ್ಯನ ಬಳಿಗೆ ಬಂದನು. ಅವನ ನಾಡಿ ತಾಳಗೆಟ್ಟಿತ್ತು. ಇದನ್ನು ಸರಿಪಡಿಸುವುದು ತನ್ನಿಂದಾಗದೆಂದು ವೈದ್ಯನು ಹೇಳಲು, ತಾನೇ ಸರಿಪಡಿಸಿಕೊಂಡು ಬರುವೆನೆಂದು ವರ್ತಕನು ಹೊರಟುಹೋದನು. ಮಲೇರಿಯಾ ನಾಡಿನಲ್ಲಿ ಅಭ್ಯಾಸವಾಗಿದ್ದ ಕ್ವಿನೈನನ್ನು ಒಂದು ಗ್ರಾಂ ಸೇವಿಸಿ ಮರುದಿನ ಸಮವಾದ ನಾಡಿಯೊಡನೆ ಅವನು ಮರಳಿದನಂತೆ. ರೋಗಿಯ ಮಾತನ್ನು ವೆಂಕೆಬಾಖನು ತಿರಸ್ಕರಿಸದೆ ೧೯೧೪ರಲ್ಲಿ ಪ್ರಕಟಿಸಿದನು. ೧೯೧೮ರಲ್ಲಿ ಜರ್ಮನಿಯ ವಾಲ್ಟರ್ ಫ್ರೈ ಸಿಂಕೋನಾ ತೊಗಟೆಯ ಸಾರಗಳನ್ನು ಒಂದೊಂದಾಗಿ ಪರೀಕ್ಷಿಸಿ, ಅವುಗಳಲ್ಲಿ ಕ್ವಿನಿಡಿನ್ ಎಂಬುದೇ ಪ್ರಬಲವೆಂದು ತೋರಿಸಿದನು. ಸೆನಾಕನ ಅನುಭವಕ್ಕೂ ವರ್ತಕನ ಅನುಭವಕ್ಕೂ ಹೀಗೆ ಶಾಸ್ತ್ರದ ಮುದ್ರೆ ಬಿದ್ದಿತು.

ಮೂರನೆಯದು ಹುಲ್ಲು. ೧೯೨೦ರ ದಶಕದಲ್ಲಿ ಉತ್ತರ ಅಮೆರಿಕದ ದನಗಳು ಸಣ್ಣ ಗಾಯದಿಂದಲೂ ರಕ್ತ ಸೋರಿ ಸಾಯತೊಡಗಿದುವು. ಮುಗ್ಗಿದ ಸ್ವೀಟ್ ಕ್ಲೋವರ್ ಎಂಬ ಮೇವೇ ಕಾರಣವೆಂದು ಪಶುವೈದ್ಯರು ಕಂಡುಹಿಡಿದರು. ೧೯೩೩ರ ಚಳಿಗಾಲದಲ್ಲಿ ವಿಸ್ಕಾನ್‌ಸಿನ್ ಪ್ರಾಂತದ ರೈತನೊಬ್ಬನು ಹಿಮಗಾಳಿಯಲ್ಲಿ ಸತ್ತ ಕಡಸನ್ನೂ, ಹೆಪ್ಪುಗಟ್ಟದ ರಕ್ತವಿದ್ದ ಹಾಲಿನ ಪಾತ್ರೆಯನ್ನೂ, ಹುಲ್ಲಿನ ಹೊರೆಯನ್ನೂ ಹೊತ್ತು ಕಾರ್ಲ್ ಪಾಲ್ ಲಿಂಕ್ ಎಂಬ ರಸಾಯನಶಾಸ್ತ್ರಜ್ಞನ ಪ್ರಯೋಗಶಾಲೆಗೆ ಬಂದನು. ಆರು ವರ್ಷಗಳ ಪರಿಶ್ರಮದ ಬಳಿಕ, ೧೯೩೯ರಲ್ಲಿ, ಆ ಹುಲ್ಲಿನ ವಿಷವು ಶುದ್ಧವಾದ ಹರಳಾಗಿ ದೊರೆಯಿತು. ಅದರ ಸಂತತಿಯಾದ ವಾರ್ಫರಿನ್ ೧೯೪೮ರಲ್ಲಿ ಇಲಿಪಾಷಾಣವಾಗಿ ಮಾರಾಟಕ್ಕೆ ಬಂದು, ೧೯೫೪ರಲ್ಲಿ ಮನುಷ್ಯರ ಔಷಧವಾಯಿತು. ಇಲಿಯನ್ನು ಕೊಲ್ಲುವುದು ಮನುಷ್ಯನನ್ನು ಕಾಯುವುದೆಂದರೆ ಮಾತ್ರೆಯ ಮಹಿಮೆಗೆ ಬೇರೆ ದೃಷ್ಟಾಂತವು ಬೇಕಿಲ್ಲ. ಹೃತ್ಕರ್ಣಕಂಪನದಿಂದ ಬರುವ ಪಾರ್ಶ್ವವಾಯುವಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲನ್ನು ಅದು ತಡೆಯುವುದೆಂದು ಅನೇಕ ಪರೀಕ್ಷೆಗಳು ತೋರಿಸಿವೆ.

ಇದೇ ಸ್ಥಳದಲ್ಲಿ ಆಹಾರದ ವಿಚಾರವು ಬಂದು ಸೇರುತ್ತದೆ. ಕೋಪನ್‌ಹೇಗನ್ನಿನ ಹೆನ್ರಿಕ್ ಡ್ಯಾಮ್ ೧೯೨೯ರಿಂದ ಕೋಳಿಮರಿಗಳ ಮೇಲೆ ಪರೀಕ್ಷೆ ನಡೆಸಿ, ರಕ್ತವು ಹೆಪ್ಪುಗಟ್ಟಲು ಅವಶ್ಯವಾದ ವಿಟಮಿನ್ ಕೆ ಎಂಬ ಸತ್ತ್ವವನ್ನು ಕಂಡುಹಿಡಿದಿದ್ದನು. ಹಸುರು ಸೊಪ್ಪಿನಲ್ಲಿ ಅದು ಸಮೃದ್ಧವಾಗಿದೆ. ವಾರ್ಫರಿನ್ ಮಾಡುವ ಕೆಲಸವು ಈ ಸತ್ತ್ವದ ವಿರೋಧವೇ. ಆದುದರಿಂದ ಆ ಔಷಧವನ್ನು ಸೇವಿಸುವವನು ಒಂದು ವಾರ ಸೊಪ್ಪಿನ ಸಾರನ್ನೇ ಉಂಡು ಮರುವಾರ ಸೊಪ್ಪನ್ನೇ ಮುಟ್ಟದಿದ್ದರೆ ತಕ್ಕಡಿಯು ಓಲಾಡುತ್ತದೆ. ಸೊಪ್ಪನ್ನು ತ್ಯಜಿಸಬೇಕೆಂಬ ಕಲ್ಪನೆಯು ಸರಿಯಲ್ಲ. ದಿನದಿನವೂ ಸರಿಸುಮಾರು ಸಮನಾಗಿ ಉಣ್ಣಬೇಕು, ಆಗಾಗ ರಕ್ತವನ್ನು ಪರೀಕ್ಷಿಸಿಕೊಳ್ಳಬೇಕು. ೨೦೦೯ರಿಂದೀಚೆಗೆ ಈ ತೊಡಕಿಲ್ಲದ ಹೊಸ ಔಷಧಗಳು ಬಂದಿವೆ. ಆದರೆ ನಮ್ಮ ದೇಶದಲ್ಲಿ ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟವು ಕಿರಿದಾಗಿ, ಅದರಿಂದ ಈ ಕಂಪನವು ತಟ್ಟಿದ ರೋಗಿಗಳು ಬಹಳ. ಅಂಥವರನ್ನೇ ಆರಿಸಿ ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ನಡೆದು ೨೦೨೨ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ರಿವರಾಕ್ಸಬಾನ್ ಎಂಬ ಹೊಸ ಔಷಧಕ್ಕಿಂತ ಹಳೆಯ ವರ್ಗದ ಔಷಧವೇ ಹೆಚ್ಚು ಪ್ರಾಣಗಳನ್ನು ಉಳಿಸಿತು. ಹೊಸದೆಂದ ಮಾತ್ರಕ್ಕೆ ಉತ್ತಮವಲ್ಲ, ಹಳೆಯದೆಂದ ಮಾತ್ರಕ್ಕೆ ತ್ಯಾಜ್ಯವೂ ಅಲ್ಲ.

ಇತರ ಪಥ್ಯಗಳನ್ನೂ ಇದೇ ಒರೆಗಲ್ಲಿಗೆ ಹಚ್ಚಬೇಕು. ಮದ್ಯವು ಹೃದಯದ ತಾಳವನ್ನು ಕೆಡಿಸುವುದೆಂಬುದು ಬಹುಕಾಲದ ಅನುಭವ. ಆಸ್ಟ್ರೇಲಿಯದಲ್ಲಿ ಕುಡಿಯುವ ಅಭ್ಯಾಸವಿದ್ದ ೧೪೦ ರೋಗಿಗಳನ್ನು ಎರಡು ಗುಂಪಾಗಿ ಮಾಡಿ ನೋಡಲಾಗಿ, ಕುಡಿತವನ್ನು ಬಿಡಲು ವಿಧಿಸಿದವರಲ್ಲಿ ನೂರಕ್ಕೆ ೫೩ ಮಂದಿಗೂ, ಬಿಡದವರಲ್ಲಿ ನೂರಕ್ಕೆ ೭೩ ಮಂದಿಗೂ ವ್ಯಾಧಿ ಮರುಕಳಿಸಿತೆಂದು ೨೦೨೦ರಲ್ಲಿ ಪ್ರಕಟವಾಯಿತು. ಅದೇ ದೇಶದ ಅಡಿಲೇಡ್ ನಗರದ ವೈದ್ಯರು ಸ್ಥೂಲಕಾಯದ ರೋಗಿಗಳಲ್ಲಿ ದೇಹದ ತೂಕದ ಹತ್ತನೆಯ ಒಂದು ಭಾಗವನ್ನಾದರೂ ಇಳಿಸಿ ಹಾಗೆಯೇ ಉಳಿಸಿಕೊಂಡವರು ಈ ವ್ಯಾಧಿಯಿಂದ ಬಿಡುಗಡೆ ಪಡೆಯುವ ಸಂಭವವು ಆರು ಪಟ್ಟು ಹೆಚ್ಚೆಂದು ೨೦೧೫ರಲ್ಲಿ ತಿಳಿಸಿದರು. ಮಿತಾಹಾರವನ್ನು ಹೊಗಳಿದ ನಮ್ಮ ಹಿರಿಯರಿಗೆ ಇದು ಸಂತೋಷವನ್ನೇ ಉಂಟುಮಾಡುತ್ತಿತ್ತು. ಆದರೆ ಮೀನೆಣ್ಣೆಯ ಗುಳಿಗೆಗಳ ವಿಷಯವು ಬೇರೆ. ಹೃದಯಕ್ಕೆ ಹಿತವೆಂದು ಲಕ್ಷಾಂತರ ಜನರು ನುಂಗುತ್ತಿದ್ದ ಆ ಗುಳಿಗೆಯನ್ನೂ ಡಿ ವಿಟಮಿನನ್ನೂ ೨೫,೦೦೦ಕ್ಕೂ ಮೇಲ್ಪಟ್ಟ ಜನರಲ್ಲಿ ಪರೀಕ್ಷಿಸಿದಾಗ ಎರಡೂ ಈ ಕಂಪನವನ್ನು ತಡೆಯಲಿಲ್ಲವೆಂದು ೨೦೨೧ರಲ್ಲಿ ತಿಳಿದುಬಂದಿತು. ದೊಡ್ಡ ಪ್ರಮಾಣದಲ್ಲಿ ಸೇವಿಸಿದವರಿಗೆ ಅದು ಕಂಪನವನ್ನು ಹೆಚ್ಚಿಸಿತೆಂದು ಬೇರೆ ಪರೀಕ್ಷೆಗಳು ಹೇಳಿದುವು. ಪೊಟ್ಯಾಸಿಯಂ, ಮೆಗ್ನೀಸಿಯಂ ಲವಣಗಳು ರಕ್ತದಲ್ಲಿ ಕುಗ್ಗಿದ್ದರೆ ತುಂಬಿಕೊಡುವುದು ಅವಶ್ಯ. ಕುಗ್ಗದವನು ಸುಮ್ಮನೆ ಸೇವಿಸಿದರೆ, ಮೂತ್ರಪಿಂಡವು ದುರ್ಬಲವಾಗಿದ್ದಲ್ಲಿ, ಅಪಾಯವೇ ಸಂಭವಿಸಬಹುದು.

ಶಸ್ತ್ರ ಮತ್ತು ಯಂತ್ರಗಳ ಮಾರ್ಗವು ಈಚಿನದು. ೧೯೬೨ರಲ್ಲಿ ಬಾಸ್ಟನ್ ನಗರದ ಬರ್ನಾರ್ಡ್ ಲೌನ್ ಹೃದಯದ ಬಡಿತಕ್ಕೆ ಹೊಂದಿಸಿದ ಕ್ಷಣಿಕವಾದ ವಿದ್ಯುದಾಘಾತದಿಂದ ತಾಳವನ್ನು ಸರಿಗೊಳಿಸುವ ಕ್ರಮವನ್ನು ಪ್ರಕಟಿಸಿದನು. ೧೯೮೭ರಲ್ಲಿ ಅಮೆರಿಕದ ಜೇಮ್ಸ್ ಕಾಕ್ಸ್ ಹೃತ್ಕರ್ಣವನ್ನು ಕೊಯ್ದು ಹೊಲಿದು, ಅಡ್ಡಾದಿಡ್ಡಿಯಾಗಿ ಸುತ್ತುವ ವಿದ್ಯುತ್ತಿಗೆ ದಾರಿಯಿಲ್ಲದಂತೆ ಮಾಡಿದನು. ೧೯೯೮ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ಹೈಸಾಗೇರ್ ಮತ್ತು ಅವನ ಸಂಗಡಿಗರು ೪೫ ರೋಗಿಗಳನ್ನು ಪರೀಕ್ಷಿಸಿ, ಕಂಪನವನ್ನು ಹುಟ್ಟಿಸುವ ೬೯ ಮೂಲಸ್ಥಾನಗಳಲ್ಲಿ ೬೫ ಶ್ವಾಸಕೋಶದಿಂದ ಬರುವ ಸಿರೆಗಳಲ್ಲಿಯೇ ಇರುವುವೆಂದು ತೋರಿಸಿದರು. ಅಲ್ಲಿಂದ ಎದೆಯನ್ನು ಸೀಳುವ ಅಗತ್ಯ ತಪ್ಪಿತು. ತೊಡೆಯ ಸಂದಿನ ಸಿರೆಯಿಂದ ಸಣ್ಣ ನಳಿಗೆಯನ್ನು ಹೃದಯಕ್ಕೆ ಸಾಗಿಸಿ ಆ ಸಿರೆಗಳ ಬಾಯಿಯ ಸುತ್ತ ಬಿಸಿಯಿಂದಲೋ ಶೀತದಿಂದಲೋ ಗಾಯದ ಬೇಲಿಯನ್ನು ಹಾಕುವರು. ಎಷ್ಟೋ ಜನರಿಗೆ ಇದರಿಂದ ತಾಳವು ಮರಳಿದೆ. ಕೆಲವರಿಗೆ ಮರುಕಳಿಸಿ ಎರಡನೆಯ ಸಲ ಬೇಕಾಗುವುದೂ ಉಂಟು. ತಾಳವು ಮರಳಿತೆಂದು ಗರಣೆಯನ್ನು ತಡೆಯುವ ಔಷಧವನ್ನು ರೋಗಿಯು ತಾನಾಗಿ ಬಿಡುವಂತಿಲ್ಲ. ವಯಸ್ಸು, ರಕ್ತದೊತ್ತಡ, ಮಧುಮೇಹ ಮೊದಲಾದುವನ್ನು ಎಣಿಸಿ ವೈದ್ಯನು ಅದನ್ನು ನಿರ್ಣಯಿಸುವನು.

ಈ ಚರಿತ್ರೆಯಿಂದ ನಾವು ಗ್ರಹಿಸಬೇಕಾದುದೇನು? ಎಲೆಯನ್ನು ಮುದುಕಿ ಬಲ್ಲಳು, ತೊಗಟೆಯನ್ನು ವರ್ತಕನು ಬಲ್ಲನು, ಹುಲ್ಲಿನ ವಿಷವನ್ನು ರೈತನು ಅನುಭವಿಸಿದನು. ಜನರ ಅನುಭವವನ್ನು ಮೂಢವೆಂದು ತಳ್ಳಿದ್ದರೆ ಈ ಮೂರರಲ್ಲಿ ಒಂದೂ ದೊರೆಯುತ್ತಿರಲಿಲ್ಲ. ಆದರೆ ತೂಗಿ, ಎಣಿಸಿ, ಸೋತುದನ್ನೂ ಬರೆದಿಟ್ಟವರಿಲ್ಲದಿದ್ದರೆ ಮುದುಕಿಯ ವಿದ್ಯೆ ಮುದುಕಿಯೊಡನೆಯೇ ಮಣ್ಣಾಗುತ್ತಿತ್ತು. ನಮ್ಮ ಸೀಮೆಯಲ್ಲಿಯೂ ಗುಟ್ಟಿನ ಮದ್ದುಗಳನ್ನು ಬಲ್ಲ ಮನೆತನಗಳು ಇದ್ದುವು. ಅವರ ಮಕ್ಕಳು ಪಟ್ಟಣ ಸೇರಿದರು, ತಾಳೆಗರಿಗಳು ಗೆದ್ದಲಿಗೆ ಸಂದುವು. ಅವುಗಳಲ್ಲಿ ಯಾವುದು ಡಿಜಿಟಾಲಿಸ್‌ನಂಥ ರತ್ನವಾಗಿತ್ತೋ ಯಾವುದು ಬರಿಯ ಸೊಪ್ಪಾಗಿತ್ತೋ ಈಗ ಕೇಳುವಂತಿಲ್ಲ. ಉಳಿದಿರುವುದನ್ನಾದರೂ ಹೊಂದಿರುವವರು ಬಚ್ಚಿಡದೆ ಬರೆದು ಪರೀಕ್ಷೆಗೆ ಒಪ್ಪಿಸುವುದು ಪೂರ್ವಿಕರಿಗೆ ಸಲ್ಲಿಸುವ ಗೌರವವೇ ಹೊರತು ಅಪಚಾರವಲ್ಲ.

ಅದುವರೆಗೆ ಪ್ರತಿಯೊಬ್ಬರೂ ಮಾಡಬಹುದಾದ ಕೆಲಸವೊಂದಿದೆ. ಮನೆಯ ಹಿರಿಯರ ಮಣಿಕಟ್ಟಿನ ಮೇಲೆ ಬೆರಳನ್ನಿಟ್ಟು ಒಂದು ನಿಮಿಷ ಎಣಿಸುವುದಕ್ಕೆ ಹಣವೂ ಬೇಡ, ಪಾಂಡಿತ್ಯವೂ ಬೇಡ. ಬಡಿತಗಳ ನಡುವಣ ಕಾಲವು ಒಂದರಂತೆ ಒಂದಿಲ್ಲವೆಂದು ತೋರಿದರೆ ಕಷಾಯವನ್ನು ಹುಡುಕುತ್ತ ಕಾಲವನ್ನು ಕಳೆಯದೆ, ಹೃದಯದ ವಿದ್ಯುಲ್ಲೇಖವನ್ನು ತೆಗೆಯಬಲ್ಲ ವೈದ್ಯನ ಬಳಿಗೆ ಅವರನ್ನು ಕರೆದೊಯ್ಯಬೇಕು. ಶಾರ್ಙ್ಗಧರನು ಅಪಾಯವೆಂದು ಗುರುತಿಸಿ ಕೈಬಿಟ್ಟಂಥ ನಾಡಿಗೆ ಇಂದು ಉಪಾಯಗಳುಂಟು.